ಅಕ್ಕ ಬದುಕಿರುವವರೆಗೆ

ಪೆತಾಹ್ ತಿಕ್ವಾ ಊರಾಚೆಯ ಡೇರೆ ಬೀಡು,
೧೮ ನವೆಂಬರ್ ೧೯೫೨

ಪ್ರೀತಿಯ ನಜೀಮಕ್ಕಾ,

ಹೇಗಿದ್ದೀಯ? ಕೆಮ್ಮು ಕಡಿಮೆಯಾಯಿತೇ? ಹೊಟ್ಟೆಗೆ ಸರಿಯಾಗಿ ತಿನ್ನುತ್ತಿದ್ದೀಯಾ? ನೀನು ಸತ್ತೆ ಎಂದು ಏಳು ದಿನ ನೆಲದ ಮೇಲೆ ಕೂತು ಅತ್ತವಳು ಈಗ ನಿನ್ನ ಆರೋಗ್ಯ ವಿಚಾರಿಸುತ್ತಿದ್ದೇನೆ. ಅಕ್ಷರ ಸೊಟ್ಟಗಾಗಿದೆ, ಬೈಯಬೇಡ. ಅಮ್ಮ ಚೆನ್ನಾಗಿದ್ದಾಳೆ, ಮಂಡಿನೋವು ಬಿಟ್ಟರೆ. ನಿನ್ನ ಮಗಳು ಫ್ಲೋರಾಳಿಗೆ ಆರು ತುಂಬಿತು. ಬಾಗ್ದಾದಿನ ಮಾತು ಮರೆತು ಇಲ್ಲಿನ ಹೀಬ್ರೂನಲ್ಲೇ ನನ್ನನ್ನು ಗದರುತ್ತಾಳೆ.

ಬಾಗ್ದಾದ್ ಬಿಟ್ಟು ಬರುವ ದಾರಿಯಲ್ಲಿ ಟೆಹ್ರಾನಿನಲ್ಲಿ ನಿನ್ನ ಕ್ಷಯ ಕಂಡು ವಿಮಾನ ಹತ್ತಿಸದೆ ಹೋದಾಗ ನಿನ್ನ ಜೊತೆ ಉಳಿದ ಭಾವ, ಐದು ತಿಂಗಳಾದ ಮೇಲೆ ಒಬ್ಬರೇ ಬಂದು ನೀನು ತೀರಿಕೊಂಡೆ ಎಂದರಲ್ಲ, ಅವತ್ತು ನಾವು ಹಾಗೇ ನಂಬಿದೆವು. ಮೆನಾಶೆ ಭಾವ ಸುಳ್ಳು ಹೇಳುವವರಲ್ಲ ಎಂದು ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ವರ್ಷ ಕಳೆಯಿತು. ಮಗುವಿಗೆ ಜಡೆ ಹಾಕುವವಳು ನಾನು, ಜ್ವರ ಬಂದರೆ ಕೂರುವವಳು ನಾನು. ಅಮ್ಮನೇ ಮೊದಲು ಬಾಯಿ ತೆಗೆದಳು. "ಹೊರಗಿನವಳು ಯಾಕೆ ಬರಬೇಕು? ಚಿಕ್ಕಮ್ಮನೇ ತಾಯಿ ಆಗಲಿ ಬಿಡೆ," ಎಂದಳು. ನಾನು ಬೇಡವೆನ್ನಲಿಲ್ಲ ಅಕ್ಕ. ನಿನ್ನ ಹತ್ತಿರ ಮುಚ್ಚಿಡಲಾರೆ.

ಮದುವೆ ಮಾಡಿಸಿಕೊಡಿ ಎಂದು ರಬ್ಬಿ ಶಿಮ್ಯೋನರ ಹತ್ತಿರ ಹೋದೆವು. ಅವರು ಗಡ್ಡ ನೀವುತ್ತಾ, "ತೀರಿಕೊಂಡ ಹೆಂಡತಿಯ ತಂಗಿಯನ್ನು ಮದುವೆಯಾಗಬಹುದು, ಅಡ್ಡಿಯಿಲ್ಲ. ಆದರೆ ಅಕ್ಕ ಬದುಕಿರುವವರೆಗೆ ತಂಗಿ ಇವನಿಗೆ ನಿಷಿದ್ಧ. ಅಕ್ಕನಿಗೆ ವಿಚ್ಛೇದನ ಕೊಟ್ಟರೂ ನಿಷಿದ್ಧವೇ. ಅದಕ್ಕೇ ಇಂಥ ವಿಷಯದಲ್ಲಿ ಗಂಡನ ಬಾಯಿಮಾತು ಸಾಲದು. ಸಾವು ಕಂಡ ಇಬ್ಬರು ಸಾಕ್ಷಿ ಕರ್ಕೊಂಡು ಬಾಪ್ಪಾ," ಎಂದರು. ಎಲ್ಲರಿಗೂ ಹೇಳುವ ಮಾತೇ ಇರಬೇಕು. ಆದರೆ ಭಾವನ ಮುಖ ಬಿಳಿಚಿತು. ನಾನು ಪಕ್ಕದಲ್ಲೇ ಕೂತಿದ್ದೆ, ನೋಡಿದೆ. ಅಲ್ಲಿಂದ ಶುರುವಾಯಿತು ನನ್ನ ತಲೆಯೊಳಗಿನ ಹುಳ.

ಟೆಹ್ರಾನಿನಲ್ಲಿ ಜೊತೆಗಿದ್ದವರೆಂದು ಭಾವ ಹೈಫಾದಿಂದ ಇಬ್ಬರನ್ನು ಕರೆತಂದರು. ಚಹಾ ಕೊಡುತ್ತಾ, ಅಕ್ಕನ ಕೊನೆಗಾಲ ಹೇಗಿತ್ತು ಎಂದೆ. ಒಬ್ಬ, "ಪಸ್ಕ ಹಬ್ಬಕ್ಕೆ ಸರಿಯಾಗಿ ಏಳು ದಿನ ಮುಂಚೆ, ಬೆಳಿಗ್ಗೆ ಪ್ರಾಣ ಹೋಯ್ತು, ಹೊತ್ತು ಮುಳುಗೋದ್ರೊಳಗೆ ಮಣ್ಣು ಮಾಡಿದ್ವಿ ತಂಗಿ," ಎಂದ. ಇನ್ನೊಬ್ಬನೂ ಅದನ್ನೇ ಹೇಳಿದ, ಒಂದಕ್ಷರ ಆಚೀಚೆ ಇಲ್ಲ, ಶಾಲೆಯ ಪಾಠ ಒಪ್ಪಿಸಿದ ಹಾಗೆ. ಭಾವ ಇಬ್ಬರ ಬಾಯನ್ನೇ ನೋಡುತ್ತಿದ್ದರು. ಮಾರನೆಯ ದಿನ ಬಟ್ಟೆ ಒಗೆಯುವಾಗ ಹೊಳೆಯಿತು. ಆ ವರ್ಷ ಪಸ್ಕ ಶುರುವಾಗಿದ್ದೇ ಶನಿವಾರ. ಹಾಗಾದರೆ ಏಳು ದಿನ ಮುಂಚೆಯೂ ಶನಿವಾರ. ಯಾವ ಕೆಲಸಕ್ಕೂ ಕೈ ಹಾಕಬಾರದ ಸಬ್ಬತ್ತಿನ ದಿನ ಯಾವ ಯೆಹೂದಿ ಮಣ್ಣು ಅಗೆಯುತ್ತಾನೆ?

ಎರಡು ದಿನ ಯಾರಿಗೂ ಹೇಳಲಿಲ್ಲ. ತಪ್ಪಿ ಹೇಳಿರಬಹುದು, ಸುಮ್ಮನಿರೇ ಎಂದು ನನಗೆ ನಾನೇ ಹೇಳಿಕೊಂಡೆ. ಆಮೇಲೆ ನನ್ನ ಮೇಲೇ ಗುಮಾನಿ ಬಂತು. ನನಗೆ ಸತ್ಯ ಬೇಕೋ, ಮದುವೆ ಬೇಕೋ? ಮೂರನೆಯ ದಿನ ಭಾವನನ್ನು ಕೇಳಿಯೇಬಿಟ್ಟೆ. "ಹೆಂಡತಿ ಹೆಣದ ಮುಂದೆ ಕೂತೋನು ವಾರ ನೋಡ್ತಾನೇನಮ್ಮ?" ಎಂದು ಎದ್ದು ಹೋದರು. ಅದೂ ನಿಜವೆನ್ನಿಸಿತು. ಆದರೆ ಫ್ಲೋರಾಳ ಫೋಟೋ ಎರಡು ಪ್ರತಿ ತೆಗೆಸಿದ್ದೆವು, ಮನೆಯಲ್ಲಿ ಒಂದೇ ಇತ್ತು. ಭಾವ ಅಂಚೆಯವನನ್ನು ಬೀಡಿನ ಗೇಟಿನಲ್ಲೇ ಹಿಡಿಯುತ್ತಿದ್ದರು. ಇವನ್ನೆಲ್ಲ ಮೊದಲೂ ನೋಡಿದ್ದೆ, ಈಗ ಒಂದೊಂದೂ ಚುಚ್ಚಿತು.

ಕಳೆದ ಗುರುವಾರ ಅವರು ಕಿತ್ತಳೆ ತೋಟದ ಕೆಲಸಕ್ಕೆ ಹೋಗಿದ್ದಾಗ ಅಂಚೆಯವನು ಒಂದು ಲಕೋಟೆ ತಂದು ನನ್ನ ಕೈಗೇ ಕೊಟ್ಟ. ಅಂಚೆಚೀಟಿ ಸಾಲದೆ ವಾಪಸು ಬಂದಿತ್ತು. ಭಾವನ ಅಕ್ಷರ. ಟೆಹ್ರಾನಿನಾಚೆಯ ಕ್ಷಯದ ಆಸ್ಪತ್ರೆಯ ವಿಳಾಸ, ಮೇಲೆ ನಿನ್ನ ಹೆಸರು. ಒಡೆದೆ. ಒಳಗೆ ಫ್ಲೋರಾಳ ಫೋಟೋ, ಹಿಂದೆ ಒಂದೇ ಸಾಲು: "ಮುಂದಿನ ಹಲ್ಲು ಬಿದ್ದಿದೆ, ನಗಲು ನಾಚುತ್ತಾಳೆ." ನೀನು ಬದುಕಿದ್ದೀಯೆಂದು ನಕ್ಕೆನೋ, ಮೋಸ ಹೋದೆನೆಂದು ಅತ್ತೆನೋ ಗೊತ್ತಿಲ್ಲ.

ಸಂಜೆ ಲಕೋಟೆ ಮುಂದಿಟ್ಟೆ. ಭಾವ ಸುಳ್ಳು ಹೇಳುವ ಗೋಜಿಗೆ ಹೋಗಲಿಲ್ಲ. "ಅವಳೇ ಹೇಳಿಕೊಟ್ಟಳು ಸಬೀಹಾ. ‘ನಾನು ಸತ್ತೆ ಅಂತ ಹೇಳಿ, ಮಗೂಗೆ ನನ್ನ ತಂಗೀನೇ ತಾಯಿ ಆಗಲಿ’ ಅಂದಳು. ಡಾಕ್ಟರು ಅವಳು ಬದುಕೋದು ಎರಡೇ ತಿಂಗಳು ಅಂದಿದ್ರು. ಸ್ವಲ್ಪ ಮುಂಚೆ ಹೇಳಿದ ಸುಳ್ಳು ತಾನಾಗೇ ನಿಜ ಆಗುತ್ತೆ ಅಂದ್ಕೊಂಡೆ. ಅವಳು ಬದುಕಿಬಿಟ್ಟಳು," ಎಂದು ಮಗುವಿನ ಹಾಗೆ ಅತ್ತರು. ಅಮ್ಮ ಅವರ ಕೆನ್ನೆಗೆ ಬಾರಿಸಿದಳು. ಆಮೇಲೆ ಬಾಯಿ ತುಂಬ ಶಪಿಸುತ್ತಲೇ ತಟ್ಟೆಗೆ ಅನ್ನ ಬಡಿಸಿದಳು. ಮರುದಿನ ರಬ್ಬಿಗೆ ಎಲ್ಲ ಹೇಳಿದೆ. ಮದುವೆ ಮುರಿಯಿತು. ಸಾಕ್ಷಿಗಳು ಹೈಫಾಕ್ಕೆ ಓಡಿದರು. ಭಾವ ಈಗ ಗಂಡಸರ ಡೇರೆಯಲ್ಲಿ ಮಲಗುತ್ತಾರೆ.

ಅಮ್ಮನ ಮುತ್ತುಗಳು ನಿನ್ನ ಎರಡೂ ಕೆನ್ನೆಗೆ. ದೇವರು ನಿನ್ನ ಎದೆಗೆ ಉಸಿರು ತುಂಬಲಿ.

ನಿನ್ನ ಮೇಲೆ ಇನ್ನೂ ಸಿಟ್ಟಿರುವ ತಂಗಿ,
ಸಬೀಹಾ

ಮರೆತಿದ್ದೆ: ಅಂಚೆಯವನು ಕಾಯುತ್ತಿದ್ದಾನೆ, ಬೇಗ ಬರೆಯುತ್ತೇನೆ. ಎರಡು ತಿಂಗಳಿಂದ ನೀನು ಇಂಜೆಕ್ಷನ್ ಬೇಡವೆಂದು ಕೈ ಹಿಂದಕ್ಕೆಳೆಯುತ್ತಿದ್ದೀಯೆಂದು ಆಸ್ಪತ್ರೆಯವರು ಭಾವನಿಗೆ ಬರೆದಿದ್ದಾರಂತೆ. ಎರಡು ತಿಂಗಳ ಹಿಂದೆಯೇ ಭಾವ ನಿನಗೆ ಸಾಕ್ಷಿಯ ತೊಡಕು ತಿಳಿಸಿದ್ದು. ನನಗೆ ಅರ್ಥವಾಗುವುದಿಲ್ಲವೆಂದುಕೊಂಡೆಯಾ? ಇವತ್ತು ಬೆಳಿಗ್ಗೆ ರಬ್ಬಿ "ಬೇಡ ತಾಯಿ, ಆಣೆ ಮಾಡಬೇಡ" ಎಂದರೂ ಕೇಳದೆ ಧರ್ಮಗ್ರಂಥದ ಮುಂದೆ ನಿಂತು ಆಣೆ ಮಾಡಿದೆ. ನೀನು ಸತ್ತರೂ ನಾನು ಮೆನಾಶೆಯನ್ನು ಮದುವೆಯಾಗುವುದಿಲ್ಲ. ಇನ್ನು ನೀನು ಸತ್ತು ಯಾರಿಗೂ ಪ್ರಯೋಜನವಿಲ್ಲ ಅಕ್ಕ. ಇಂಜೆಕ್ಷನ್ ತಗೋ.