ತೆಗೆದುಹಾಕಿದ ರಿವ್ಯೂ

9 ಅಕ್ಟೋಬರ್ 2024

ಪಾರ್ಸಲ್ ಕಟ್ಟಿ ಮುಗಿಯಿತು. ಕೊರಿಯರ್‌ನವನ ದಾರಿ ನೋಡುತ್ತ ಅಜಯಕುಮಾರ ಬಾಗಿಲಲ್ಲಿ ನಿಂತಿದ್ದಾರೆ. ಎದುರಿಗೆ ಗಂಡನ ಹೆಸರು ಹಿಡಿದು ಕರೆಯುವುದಿಲ್ಲ; ಇಲ್ಲಿ ಬರೆಯಬಹುದು. ಒಳಗೆ ಮಾವನ ಮಗ್ಗದ ಸಪ್ಪಳ. ಅತ್ತೆ ಲಾಳಿಗೆ ಹಾಕುವ ನೂಲಿನ ಕಂಡಿಕಿ ಸುತ್ತುತ್ತಿದ್ದಾರೆ. ದೀಪಾವಳಿ ಆರ್ಡರ್ ಈಗಲೇ ಶುರು.

ಒಂದು ಸೀರೆ ವಾಪಸ್ ಬಂತು. ಕಾರಣದ ಜಾಗದಲ್ಲಿ ‘ಇಷ್ಟವಾಗಲಿಲ್ಲ’ ಎಂದಿದೆ. ಬಿಚ್ಚಿದರೆ ಸೆರಗಿನಲ್ಲಿ ಅರಿಶಿನದ ಕಲೆ, ಅಡಿಯಲ್ಲಿ ಕೆಸರು. ಉಟ್ಟು, ಊಟ ಮಾಡಿ, ಮಡಚಿ ಕಳಿಸಿದ್ದಾರೆ. ಫೋಟೋ ತೆಗೆದು, ನಾವು ಸೀರೆ ಮಾರುವ ಆ್ಯಪ್‌ಗೆ ದೂರು ಹಾಕಿದೆ. ಗ್ರಾಹಕರ ತೃಪ್ತಿಯೇ ಮುಖ್ಯ ಎಂದು ಉತ್ತರ ಬಂತು.

ಕೊಂಡವರು ನಮಗೆ ಸ್ಟಾರ್ ಹಾಕಬಹುದು. ನಾವು ಅವರಿಗೆ ಹಾಕುವಂತಿಲ್ಲ. ‘ಧನ್ಯವಾದ’ ಎಂಬ ಬಟನ್ ಒಂದಿದೆ... ಒತ್ತಲಿಲ್ಲ.

ಅತ್ತೆ ಸೀರೆಯನ್ನು ನೆನೆ ಹಾಕಿದರು. ಮನೆಯಲ್ಲಿ ಉಡಲು ಆಯಿತು ಎಂದರು.

17 ಅಕ್ಟೋಬರ್

ಸ್ಟಾರ್ ಇಳಿದಿದೆ. ಯಾರೂ ಬೈದದ್ದಕ್ಕಲ್ಲ. ಆರ್ಡರ್ ಬಂದ ಎರಡು ದಿನದೊಳಗೆ ಕಳಿಸದಿದ್ದರೆ ಆ್ಯಪ್ ತಾನೇ ಇಳಿಸುತ್ತದೆ. ಇನ್ನೂ ಇಳಿದರೆ, ಹುಡುಕಿದವರಿಗೆ ನಮ್ಮ ಅಂಗಡಿ ಕಾಣುವುದೇ ಇಲ್ಲ.

ಮಾವನಿಗೆ ಬೆನ್ನುನೋವು. ಒಂದು ಸೀರೆ ಮಗ್ಗದಿಂದ ಇಳಿಯಲು ಮೊದಲಿಗಿಂತ ಹೆಚ್ಚು ದಿನ ಹಿಡಿಯುತ್ತದೆ. ಎರಡನೆಯ ಮಗ್ಗ ಖಾಲಿ—ಅಜಯ ನೇಯುವುದು ಬಿಟ್ಟು ವರ್ಷಗಳಾದವು. ನೂಲು ತರುವುದು, ಕೊರಿಯರ್, ಬ್ಯಾಂಕು ಎಲ್ಲ ಅವರದು. ಫೋಟೋ, ಮೊಬೈಲು ನನ್ನದು. ನಮಗೆ ನೇಯ್ದು ಕೊಡುವ ಓಣಿಯ ಮನೆಗಳವರಿಗೂ ಹಬ್ಬದ ಗಡಿಬಿಡಿ. ಇದನ್ನೆಲ್ಲ ಬರೆಯಲು ಆ್ಯಪ್‌ನಲ್ಲಿ ಜಾಗವಿಲ್ಲ.

ಸ್ಟಾಕಿನ ಚಿಂತೆ ನನಗೆ ಬಿಡು, ನೀನು ಆರ್ಡರ್ ತೆಗೆದುಕೊಳ್ಳುತ್ತಿರು ಎಂದರು ಅಜಯ. ಬಿಟ್ಟೆ.

30 ಅಕ್ಟೋಬರ್

ಇಂದು ನೀರು ತುಂಬುವುದು. ಹಂಡೆ ಬೆಳಗಿ ಕೈ ಕಪ್ಪು.

ಆರ್ಡರ್ ಎಲ್ಲ ಹೋದವು. ಒಂದೂ ತಡವಾಗಲಿಲ್ಲ. ಸ್ಟಾರ್ ಮತ್ತೆ ಮೇಲೆ. ಅಜಯ ಓಡಾಡಿ ಓಡಾಡಿ ಸೀರೆ ತಂದರು, ಕವರ್‌ಗೆ ಹಾಕಿ ಅಂಟಿಸಿದ್ದೂ ಅವರೇ. ನಾನು ವಿಳಾಸ ಹಚ್ಚಿದೆ, ಅಷ್ಟೆ. ಸುಸ್ತು.

14 ನವೆಂಬರ್, ಮಧ್ಯಾಹ್ನ

ಒಂದು ಸ್ಟಾರ್. ಹಿರೇವಡ್ಡಟ್ಟಿಯ ಶಿವರಂಜನಿ ಎಂಬವಳು. ಬರೆದದ್ದನ್ನು ಹಾಗೇ ಇಳಿಸಿಕೊಳ್ಳುತ್ತೇನೆ—

‘ಕೈಮಗ್ಗ ಅಂತ ಬರದಾರ. ಕೈಮಗ್ಗ ಅಲ್ಲ. ಇಂಥಾದ್ದು ಮುಂಡರಗಿ ಅಂಗಡ್ಯಾಗ ಅರ್ಧ ರೇಟಿಗೆ ಸಿಗತೈತಿ. ಯಾರೂ ತಗೋಬ್ಯಾಡ್ರಿ.’

ಜೊತೆಗೆ ಸೀರೆ ಅಂಚಿನ ಒಂದು ಮಸುಕು ಫೋಟೋ.

ಮಾವನೆದುರು ಓದಬಾರದಿತ್ತು. ಓದಿಬಿಟ್ಟೆ. ಊಟವಾದ ಮೇಲೆ ಅವರು ಮಗ್ಗಕ್ಕೆ ಕೂಡಲಿಲ್ಲ. ಕಟ್ಟೆಯ ಮೇಲೆ ಕೂತು ಒಂದೇ ಮಾತು ಅಂದರು: “ಮಂದಿ ಏನೇನರ ಅಂದಾರವಾ. ಕೈಮಗ್ಗ ಅಲ್ಲಂತ ಯಾರೂ ಅಂದಿದ್ದಿಲ್ಲ.”

ಬಿಟ್ಟುಬಿಡು, ಒಂದು ಸ್ಟಾರಿಗೆ ಏನಾಗುತ್ತದೆ ಎಂದರು ಅಜಯ. ನನಗೆ ಬಿಡಲು ಆಗಲಿಲ್ಲ. ಉಟ್ಟ ಸೀರೆ ಕಳಿಸಿದವಳ ಮೇಲಿನ ಸಿಟ್ಟೂ ಇವಳ ಮೇಲೆ ಬಂತು ಅನಿಸುತ್ತದೆ.

18 ನವೆಂಬರ್

ಮೂರು ದಿನದಿಂದ ಆರ್ಡರ್ ಇಲ್ಲ. ಅಂಗಡಿ ತೆರೆದರೆ ಮೊದಲು ಕಾಣುವುದೇ ಅವಳ ಮಾತು.

ರೂಲ್ಸ್ ಪೂರ್ತಿ ಓದಿದೆ. ರಿವ್ಯೂ ಸುಳ್ಳು ಎಂದರೆ ತೆಗೆಯುವುದಿಲ್ಲ. ನಿಜ ಯಾವುದು, ಸುಳ್ಳು ಯಾವುದು ಅನ್ನುವುದನ್ನು ಆ್ಯಪ್ ನೋಡುವುದಿಲ್ಲ. ಆದರೆ ಬೇರೆ ಅಂಗಡಿಯ ದರದ ಮಾತು ಇದ್ದರೆ ತೆಗೆಯುತ್ತಾರೆ. ಕೊಳ್ಳಬೇಡಿ ಎಂದು ಬೇರೆಯವರಿಗೆ ಹೇಳಿದ್ದರೂ ತೆಗೆಯುತ್ತಾರೆ. ಅವಳು ಎರಡನ್ನೂ ಬರೆದಿದ್ದಾಳೆ.

ರಿಪೋರ್ಟ್ ಮಾಡಿದೆ. ‘ದುರುದ್ದೇಶ’ ಎಂಬ ಚೌಕಕ್ಕೂ ಟಿಕ್ ಹಾಕಿದೆ. ಸಾಕ್ಷಿ ಕೇಳಿದ ಕಡೆ ಮಾವನ ನೇಕಾರ ಕಾರ್ಡಿನ ಫೋಟೋ.

22 ನವೆಂಬರ್

ತೆಗೆದರು. ‘ರಿವ್ಯೂ ಅಳಿಸಲಾಗಿದೆ. ಬರೆದವರ ಖಾತೆಯನ್ನು ಮೂರು ತಿಂಗಳು ತಡೆಹಿಡಿಯಲಾಗಿದೆ.’ ಎರಡನೆಯದನ್ನು ನಾನು ಕೇಳಿರಲಿಲ್ಲ. ಬೇಡ ಅನ್ನಲೂ ಇಲ್ಲ.

ಮಾವನಿಗೆ ಹೇಳಿದೆ. ಚಹಾ ಕುಡಿದು ಮಗ್ಗಕ್ಕೆ ಕೂತರು. ಅಜಯ ಮೊಬೈಲ್ ನೋಡುತ್ತಿದ್ದರು. ತಲೆ ಎತ್ತಲಿಲ್ಲ.

4 ಡಿಸೆಂಬರ್

ಬೆಳಿಗ್ಗೆ ಬಾಗಿಲಲ್ಲಿ ಒಬ್ಬ ಹಿರಿಯ ಹೆಂಗಸು. ತಲೆ ತುಂಬ ಸೆರಗು. ಕೈಯಲ್ಲಿ ನಮ್ಮದೇ ಕವರ್; ಅದರ ಮೇಲಿನ ವಿಳಾಸ ತೋರಿಸಿ ಕೇಳುತ್ತ ಬಂದಿದ್ದಾರೆ. ಹೆಸರು ಕಸ್ತೂರೆವ್ವ. ಊರು ಹಿರೇವಡ್ಡಟ್ಟಿ. ಗದಗಿಗೆ ಕಣ್ಣು ತೋರಿಸಲು ಬಂದವರು ಹಾಗೇ ನಮ್ಮ ಬೆಟಗೇರಿಗೂ ಬಂದಿದ್ದಾರೆ.

ಊರ ಹೆಸರು ಕೇಳಿಯೇ ನನಗೆ ಗೊತ್ತಾಯಿತು. ಅತ್ತೆಗೆ ಏನೂ ಗೊತ್ತಿಲ್ಲ. ಬರ್ರಿ, ಕುಂಡ್ರಿ ಎಂದು ಚಾಪೆ ಹಾಸಿ ನೀರು ಕೊಟ್ಟರು. ಕಸ್ತೂರೆವ್ವ ಪೂರ್ತಿ ನೀರು ಕುಡಿದು ನನ್ನ ಕಡೆ ತಿರುಗಿದರು.

“ಮೊಬೈಲ್‌ನ್ಯಾಗ ಮಾರಾಕಿ ನೀನ ಏನವಾ?”

ಹೌದೆಂದೆ.

“ನನ್ನ ಸೊಸಿ ಸುಳ್ಳ ಬರದಿಲ್ಲ. ಆಕಿ ಬರದದ್ದನ್ನ ಅಳಿಸಿದ್ರಿ. ಅಷ್ಟ ಆಗಿದ್ರ ನಾ ಬರತಿದ್ದಿಲ್ಲ. ಅದರಾಗ ಆಕಿ ಚಟ್ನಿಪುಡಿ ಮಾರತಿದ್ಲು. ಅದನ್ನೂ ಬಂದ್ ಮಾಡ್ಯಾರ.”

ಶಿವರಂಜನಿ ಶೇಂಗಾ, ಗುರೆಳ್ಳು ಪುಡಿ ಮಾಡಿ ಅದೇ ಆ್ಯಪ್‌ನಲ್ಲಿ ಮಾರುತ್ತಾಳಂತೆ. ಕೊಳ್ಳಲು, ಮಾರಲು ಒಂದೇ ನಂಬರು, ಒಂದೇ ಖಾತೆ. ತಡೆದದ್ದು ಎರಡನ್ನೂ. ಆಗಲೇ ಬಂದ ಆರ್ಡರ್‌ಗೆಂದು ಮಾಡಿಟ್ಟ ಪುಡಿ ಡಬ್ಬಿಯಲ್ಲೇ ಕೂತಿದೆ. ಎಣ್ಣೆ ವಾಸನೆ ಬಂದರೆ ಚೆಲ್ಲಬೇಕು.

ಕಸ್ತೂರೆವ್ವ ಕವರ್‌ನಿಂದ ಸೀರೆ ತೆಗೆದು ಅತ್ತೆಯ ಮಡಿಲಲ್ಲಿ ಇಟ್ಟರು. ಅತ್ತೆ ಬೆಳಕಿಗೆ ಹಿಡಿದರು. ನಮ್ಮ ಸೀರೆಯ ಅಂಚಿನುದ್ದಕ್ಕೂ ಸಣ್ಣ ಸೂಜಿತೂತುಗಳಿರುತ್ತವೆ—ನೇಯುವಾಗ ಬಟ್ಟೆಯನ್ನು ಅಗಲಕ್ಕೆ ಬಿಗಿ ಹಿಡಿಯುವ ಕಡ್ಡಿಯ ಗುರುತು. ಇದರಲ್ಲಿ ಇಲ್ಲ. ಆ ಮಸುಕು ಫೋಟೋದಲ್ಲಿ ಅವಳು ತೋರಿಸಿದ್ದು ಇದನ್ನೇ. ನಾನು ದೊಡ್ಡದು ಮಾಡಿ ನೋಡಿಯೇ ಇರಲಿಲ್ಲ.

“ಇದು ನಮ್ಮ ಮಗ್ಗದ್ದಲ್ಲರಿ ಅಕ್ಕಾರ,” ಎಂದರು ಅತ್ತೆ. ಸ್ವಲ್ಪ ತಡೆದು, “ಆದ್ರ ನಮ್ಮ ಮನಿಯಿಂದನ ಬಂದೈತಿ.”

ಒಳಗೆ ಮಗ್ಗದ ಸಪ್ಪಳ ನಿಂತಿತು.

ಕಸ್ತೂರೆವ್ವ ಬೈಯಲಿಲ್ಲ. ಚಹಾ ಕುಡಿದರು. ಸೀರೆ ಅಲ್ಲೇ ಬಿಟ್ಟು, ದವಾಖಾನೆಯಲ್ಲಿ ಪಾಳಿ ಹಚ್ಚಬೇಕು ಎಂದು ಎದ್ದರು. ಆಟೋದವರೆಗೆ ಹೋಗಿ ಬಿಟ್ಟು ಬಂದೆ.

5 ಡಿಸೆಂಬರ್

ಅಜಯ ಒಪ್ಪಿಕೊಂಡರು. ಕೇಳಿದ ಕೂಡಲೇ. ಯಾರಾದರೂ ಕೇಳಲಿ ಎಂದೇ ಕಾಯುತ್ತಿದ್ದರೇನೋ...

ಪಕ್ಕದ ಓಣಿಯ ಪುಂಡಲೀಕಪ್ಪನ ಪವರ್‌ಲೂಮಿನಿಂದ ತಂದದ್ದು. ಅದೇ ಬಣ್ಣ, ಅದೇ ಅಂಚು. ಪುಂಡಲೀಕಪ್ಪ ಮುಚ್ಚಿಡಲಿಲ್ಲ, ಪವರ್‌ಲೂಮ್ ಎಂದೇ ಕೊಟ್ಟಿದ್ದಾರೆ. ಕೈಮಗ್ಗ ಎಂದು ಕಳಿಸಿದ್ದು ನಾವು.

“ತಡಾ ಆದ್ರ ಸ್ಟಾರ್ ಹೋಗತೈತಿ, ಸ್ಟಾರ್ ಹೋದ್ರ ಅಂಗಡಿ ಹೋಗತೈತಿ. ಅಪ್ಪನ ಕೈಲೆ ಅಷ್ಟ ಆಗೂದಿಲ್ಲ. ಏನ್ ಮಾಡ್ಬೇಕಾಗಿತ್ತು ಹೇಳು.”

ತಡವಾಗುತ್ತದೆ ಎಂದು ಬರೆಯಬಹುದಿತ್ತು, ಆರ್ಡರ್ ನಿಲ್ಲಿಸಬಹುದಿತ್ತು. ಅಕ್ಟೋಬರ್‌ನಲ್ಲಿ ನಾನೂ ಅದನ್ನು ಹೇಳಲಿಲ್ಲ. ಕಪಾಟು ತುಂಬಿದ್ದು ನೋಡಿ ಖುಷಿಪಟ್ಟೆ.

ಮಾವ ಮಗನನ್ನು, ಇವು ಎಷ್ಟು ಮನೆಗೆ ಹೋಗಿವೆ ಎಂದು ಮಾತ್ರ ಕೇಳಿದರು. ಅಜಯರಿಗೆ ಸರಿಯಾಗಿ ನೆನಪಿಲ್ಲ.

7 ಡಿಸೆಂಬರ್

ಆ್ಯಪ್‌ನ ಕಸ್ಟಮರ್ ಕೇರ್‌ಗೆ ಫೋನ್. ಒಬ್ಬ ಹುಡುಗಿ, ಬೆಂಗಳೂರಿನ ಮಾತು, ಮೆತ್ತಗಿನ ದನಿ. ಅಳಿಸಿದ ರಿವ್ಯೂವನ್ನು ಮತ್ತೆ ಹಾಕಿ ಎಂದೆ. ಯಾವ ಪ್ರಾಡಕ್ಟಿನ ಮೇಲೆ ಎಂದು ಕೇಳಿದಳು. ನಮ್ಮದೇ ಎಂದೆ. ಹೋಲ್ಡ್‌ನಲ್ಲಿ ಇಟ್ಟಳು. ಸಂಗೀತ ಬಹಳ ಹೊತ್ತು.

“ಮೇಡಂ, ಸೆಲ್ಲರ್ ಸೋತರೆ ಅಪೀಲ್ ಮಾಡಬಹುದು. ಗೆದ್ದ ಮೇಲೆ ಅಪೀಲ್ ಇಲ್ಲ.”

ಆಕೆಯ ಖಾತೆಯನ್ನಾದರೂ ಬಿಡಿ, ತಪ್ಪು ನಮ್ಮದು ಎಂದೆ. ಅದನ್ನು ಖಾತೆಯವರೇ ಕೇಳಬೇಕಂತೆ. ಕೇಳುವ ಅವಧಿ ಮುಗಿದಿದೆಯಂತೆ. ನನ್ನ ಸೇವೆ ಹೇಗಿತ್ತು, ಸ್ಟಾರ್ ಕೊಡಿ ಎಂದು ಮೆಸೇಜ್ ಬಂತು. ಐದು ಕೊಟ್ಟೆ. ಹುಡುಗಿಯದೇನು ತಪ್ಪು.

9 ಡಿಸೆಂಬರ್

ಹಿರೇವಡ್ಡಟ್ಟಿಗೆ ಹೋಗಿ ಬಂದೆ. ಮುಂಡರಗಿಯವರೆಗೆ ಕೂಡಲು ಸೀಟು ಸಿಕ್ಕಿತು, ಮುಂದೆ ನಿಂತೇ. ಕೊಂಡವರನ್ನು ಭೇಟಿಯಾಗುವುದು ರೂಲ್ಸ್‌ಗೆ ವಿರುದ್ಧ. ಗೊತ್ತಾದರೆ ಅಂಗಡಿಯನ್ನೇ ಮುಚ್ಚಬಹುದು. ಅಜಯ ಬೇಡ ಎಂದರು. ಮಾವ ತಾವು ನೇಯ್ದ ಸೀರೆಯೊಂದನ್ನು ಮಡಚಿ ಕೈಗೆ ಕೊಟ್ಟರು.

ಶಿವರಂಜನಿ ಶೇಂಗಾ ಹಸನು ಮಾಡುತ್ತಿದ್ದಳು. ನನಗಿಂತ ಚಿಕ್ಕವಳು. ಯಾರೆಂದು ಹೇಳಿದ ಮೇಲೂ ಕೈ ನಿಲ್ಲಿಸಲಿಲ್ಲ. ಸೀರೆ ಮುಂದಿಟ್ಟೆ. ನಮ್ಮ ಅತ್ತಿ ಕೈಯಾಗ ಕೊಡ್ರಿ ಎಂದಳು. ಕಸ್ತೂರೆವ್ವ ಒಳಗಿನಿಂದ ಬಂದು ತೆಗೆದುಕೊಂಡರು, ಅಂಚು ನೋಡಿದರು, ಒಳಗೆ ಹೋದರು.

ನನ್ನ ಗಂಡ ಮಾಡಿದ್ದು, ನನಗೆ ಗೊತ್ತಿರಲಿಲ್ಲ ಎಂದೆ. ಗೊತ್ತಿಲ್ಲದೆ ದುರುದ್ದೇಶ ಎಂದು ಹೇಗೆ ಬರೆದಿರಿ ಎಂದು ಕೇಳಿದಳು. ಆ್ಯಪ್ ಅವಳಿಗೆ ಆ ಶಬ್ದವನ್ನೂ ಕಳಿಸಿತ್ತು.

“ನನಗೂ ಒಬ್ಬಾಕಿ ಒಂದು ಸ್ಟಾರ್ ಹಾಕಿದ್ಲು, ಅಕ್ಕಾರ. ಖಾರ ಭಾಳ ಆತಂತ. ಸಿಟ್ಟ ಬಂತು. ಆಮ್ಯಾಲ ನಾನ ತಿಂದ ನೋಡಿದೆ. ಖರೇನ ಭಾಳ ಆಗಿತ್ತು.”

ಏನು ಮಾಡಲಿ ಹೇಳು ಎಂದೆ. ಪುಡಿಗೆ ಪರಿಹಾರ ಕೇಳಬಹುದು ಎಂದು, ಕೊಡಲು ಸಿದ್ಧಳಾಗಿ ಹೋಗಿದ್ದೆ. ಅದು ಬೇಡ ಎಂದಳು.

“ನಾ ಬರದದ್ದು ಎಲ್ಲಿತ್ತು, ಅಲ್ಲೇ ಇರಬೇಕು. ಮಂದಿ ಓದಬೇಕು.”

ಆಗಲಿ ಎಂದೆ. ಹೇಗೆ ಎಂದು ಗೊತ್ತಿಲ್ಲದೆಯೇ. ಬರುವಾಗ ಗುರೆಳ್ಳು ಪುಡಿ ತಂದೆ. ಪುಕ್ಕಟೆ ಕೊಡಲಿಲ್ಲ. ಅದು ಸರಿ ಅನಿಸಿತು.

15 ಡಿಸೆಂಬರ್

ಸೀರೆಯ ವಿವರದ ಕೆಳಗೆ ಅವಳ ನಾಲ್ಕು ಸಾಲನ್ನು ಟೈಪ್ ಮಾಡಿ ಹಾಕಿದೆ. ಗಂಟೆಯೊಳಗೆ ಆ್ಯಪ್ ಅಳಿಸಿತು—ಮಾರಾಟಕ್ಕೆ ಧಕ್ಕೆ ತರುವ ಮಾತಂತೆ. ನನ್ನ ಅಂಗಡಿ, ನನ್ನ ಮೇಲಿನ ಮಾತು.

ಆಮೇಲೆ ಒಂದು ಹಾಳೆಯ ಮೇಲೆ ಕೈಯಿಂದ ಬರೆದೆ. ಅವಳ ಮಾತು ಮೊದಲು. ಕೆಳಗೆ—‘ಇದು ನಿಜ. ದೀಪಾವಳಿಗೆ ಕೊಂಡವರು ಅಂಚು ನೋಡಿಕೊಳ್ಳಿ. ಸೂಜಿತೂತು ಇಲ್ಲದಿದ್ದರೆ ವಾಪಸ್ ಕಳಿಸಿ. ಕಲ್ಪನಾ, ಬೆಟಗೇರಿ.’ ಫೋಟೋ ತೆಗೆದು ಸೀರೆಯ ಫೋಟೋಗಳ ಸಾಲಿನಲ್ಲಿ ಎರಡನೆಯದಾಗಿ ಹಾಕಿದೆ. ಫೋಟೋದ ಒಳಗಿನ ಕನ್ನಡವನ್ನು ಆ್ಯಪ್ ಓದುವುದಿಲ್ಲ ಅನಿಸುತ್ತದೆ. ಉಳಿಯಿತು.

ಅಜಯ ನೋಡಿದರು. “ನಮ್ಮ ಕೈಯಾರೆ ನಾವ ಮುಚ್ಚಿದಂಗಾತು” ಎಂದು ಹೊರಗೆ ಹೋದರು. ಅವಳಿಗೆ ಸ್ಕ್ರೀನ್‌ಶಾಟ್ ಕಳಿಸಿದೆ. ನೋಡಿದ ಗುರುತು ಬಂತು. ಉತ್ತರ ಬರಲಿಲ್ಲ.

11 ಜನವರಿ 2025

ಬಹಳ ದಿನ ಬರೆದಿಲ್ಲ. ಬರೆಯುವಂಥದ್ದೂ ಇರಲಿಲ್ಲ. ಸೀರೆಗಳು ವಾಪಸ್ ಬರುತ್ತಿವೆ. ಕೆಲವು ಪುಂಡಲೀಕಪ್ಪನ ಲೂಮಿನವು, ಕೆಲವು ನಮ್ಮವೇ, ಅಂಜಿಕೆಗೆ ಕಳಿಸಿದ್ದಾರೆ. ಒಬ್ಬರು ಮಾತ್ರ, ಪವರ್‌ಲೂಮ್ ಆದರೂ ಚೆನ್ನಾಗಿದೆ, ಇಟ್ಟುಕೊಳ್ಳುತ್ತೇನೆ, ಹೇಳಿದ್ದಕ್ಕೆ ಸಂತೋಷ ಎಂದು ಬರೆದಿದ್ದಾರೆ. ಪ್ರತಿ ವಾಪಸಿಗೂ ಸ್ಟಾರ್ ಇಳಿಯುತ್ತದೆ. ಈಗ ಹುಡುಕಿದರೆ ನಮ್ಮ ಅಂಗಡಿ ಕಾಣುವುದಿಲ್ಲ. ಹೆಸರು ಪೂರ್ತಿ ಹಾಕಿದರೆ ಮಾತ್ರ.

ಅಜಯ ಎರಡನೆಯ ಮಗ್ಗದ ಧೂಳು ಝಾಡಿಸಿದರು. ಯಾರೂ ಹೇಳಿರಲಿಲ್ಲ. ಲಾಳಿ ಎಸೆಯುವಾಗ ಎಳೆ ಹರಿಯುತ್ತದೆ. ಮಾವ ಎದ್ದು ಬಂದು ಗಂಟು ಹಾಕಿ ತಮ್ಮ ಮಗ್ಗಕ್ಕೆ ಹೋಗುತ್ತಾರೆ.

23 ಫೆಬ್ರವರಿ

ಶಿವರಂಜನಿಯ ಮೆಸೇಜ್, ಮೊದಲ ಸಲ. ಖಾತೆ ತೆರೆದಿದೆ. ಆ ಫೋನಿನ ನಂತರ ನಾನು ಆ್ಯಪ್‌ಗೆ ಬರೆದ ಅರ್ಜಿಗಳಿಂದಲ್ಲ. ಮೂರು ತಿಂಗಳು ತುಂಬಿತು, ಅಷ್ಟೆ. ಹಳೆಯ ಪುಡಿಯನ್ನು ಎಮ್ಮೆಗೆ ಹಾಕಿ ಹೊಸದು ಮಾಡಿದ್ದಾಳೆ. ಮೊದಲಿನ ಗಿರಾಕಿಗಳು ಬರುತ್ತಾರೋ ಇಲ್ಲವೋ ನೋಡಬೇಕು ಎಂದಿದ್ದಾಳೆ. ನಮ್ಮದೂ ಅದೇ ಕಥೆ ಎಂದು ಬರೆದೆ.

2 ಮಾರ್ಚ್

ಒಂದು ಆರ್ಡರ್. ಹಿರೇವಡ್ಡಟ್ಟಿ. ಶಿವರಂಜನಿಯದೇ ಹೆಸರು. ಫೋನ್ ಮಾಡಿ ಕೇಳದೆ ಆ್ಯಪ್‌ನಲ್ಲೇ ಹಾಕಿದ್ದಾಳೆ. ಮಾವನ ಸೀರೆ ಮಗ್ಗದ ಮೇಲಿದೆ, ಇಳಿಯಲು ಇನ್ನೂ ದಿನ ಬೇಕು. ಇಳಿದು ತಯಾರಿರುವುದು ಅಜಯ ನೇಯ್ದದ್ದು ಒಂದೇ.

ಅದನ್ನು ಕಳಿಸುವುದೋ ಬೇಡವೋ ಎಂದು ಅಜಯ ಸಂಜೆಯವರೆಗೆ ಹೊರಗೆ ಒಳಗೆ ಮಾಡಿದರು. ಮಾವ ಅಂಚಿನ ಮೇಲೆ ಕೈಯಾಡಿಸಿ, ಕಳಸಪಾ ಎಂದರು.

12 ಮಾರ್ಚ್, ಬೆಳಿಗ್ಗೆ

ಶಿವರಂಜನಿಯ ರಿವ್ಯೂ. ಮೂರು ಸ್ಟಾರ್.

‘ಕೈಮಗ್ಗ ಹೌದು. ನೇಯ್ಗಿ ಚಲೋ ಐತಿ. ಸೆರಗು ಗಿಡ್ಡ ಆಗೇತಿ.’

ಅಜಯ ಎರಡು ಸಲ ಓದಿದರು. ಮೊಬೈಲ್ ನನ್ನ ಕೈಗೆ ಕೊಟ್ಟು ಒಳಗೆ ಹೋದರು. ಈಗ ಇಬ್ಬರೂ ಮಗ್ಗದ ಹತ್ತಿರ ಬಗ್ಗಿ ನಿಂತಿದ್ದಾರೆ, ಅಪ್ಪ ಮಗ. ಮುಂದಿನ ಸೀರೆಗೆ ನಿನ್ನೆ ಶುರುಮಾಡಿದ ಸೆರಗಿನ ಮಾತು.

ನಾನು ಉತ್ತರ ಬರೆಯಬೇಕು. ‘ನೇಯ್ದವರು ನನ್ನ ಯಜಮಾನರು. ಸೆರಗು ಗಿಡ್ಡ ಆಗಿರುವುದು ನಿಜ. ಮುಂದಿನ ಸೀರೆಯಲ್ಲಿ...’

ಅಳತೆ ಟೇಪ್ ಎಲ್ಲಿ ಎಂದು ಕೂಗುತ್ತಿದ್ದಾರೆ. ಮೊನ್ನೆ ಇಲ್ಲೇ—