ಒಂದೇ ಪೀಸು ಎತ್ತುವ ಕೈ

ಗುತ್ತೂರು
15-11-1998, ಭಾನುವಾರ

ಪ್ರೀತಿಯ ಕೆಂಚಕ್ಕನಿಗೆ ನಿನ್ನ ಭಾಗ್ಯಲಕ್ಷ್ಮಿ ಮಾಡುವ ನಮಸ್ಕಾರಗಳು.

ನಾವೆಲ್ಲ ಚೆನ್ನಾಗಿದ್ದೇವೆ. ನೀನೂ ನಿನ್ನ ಅಕ್ಕನ ಮನೆಯವರೂ ಕ್ಷೇಮವೆಂದು ನಂಬಿದ್ದೇನೆ. ದೀಪಾವಳಿಗೆ ಮುಂಚೆ ನೀನು ಬರೆದ ಕಾರ್ಡು ಬಂದು ತಿಂಗಳಾಯಿತು. ಉತ್ತರ ಬರೆಯಲು ಎರಡು ಸಲ ಕುಳಿತು ಎರಡು ಸಲವೂ ಎದ್ದುಬಿಟ್ಟೆ. ತಪ್ಪು ತಿಳಿಯಬೇಡ. ಉಕ್ಕಡಗಾತ್ರಿಯಲ್ಲಿ ಅಮಾವಾಸ್ಯೆಗೆ ಮಾತ್ರ ಹಣ್ಣುಕಾಯಿ ವ್ಯಾಪಾರ, ಉಳಿದ ದಿನ ಅಂಗಡಿಯಲ್ಲಿ ಕೈಕಟ್ಟಿ ಕೂತು ಬೇಸರವಾಗುತ್ತದೆ ಎಂದು ನೀನು ಬರೆದಿದ್ದೆ. ಓದಿ ಸಂಕಟವಾಯಿತು.

ಇಲ್ಲಿನ ಸುದ್ದಿ ದೊಡ್ಡದು. ನಮ್ಮ ಗಾರ್ಮೆಂಟ್ಸಿಗೆ ಹೊಸ ಮೆಷಿನ್ ಬಂದಿದೆ. ಹೊಲಿಯುವುದಲ್ಲ, ಎತ್ತಿಕೊಡುವುದು. ಕತ್ತರಿಸಿ ಒಂದರ ಮೇಲೊಂದು ಪೇರಿಸಿಟ್ಟ ಜೇಬಿನ ಪೀಸುಗಳಲ್ಲಿ ಮೇಲಿನದೊಂದನ್ನೇ ಎತ್ತಿ ಟೈಲರ್ ಮುಂದೆ ಸುಕ್ಕಿಲ್ಲದಂತೆ ಇಡುತ್ತಿದ್ದೆವಲ್ಲ ನಾವು ಹೆಲ್ಪರ್‌ಗಳು, ಅದೇ ಕೆಲಸ. ಅದಕ್ಕೊಂದು ಕಬ್ಬಿಣದ ತೋಳು. ತೋಳಿನ ತುದಿಗೆ ಗಾಳಿ ಎಳೆದು ಹಿಡಿಯುವ ನಾಲ್ಕು ರಬ್ಬರ್ ಬಟ್ಟಲು. ಅದನ್ನು ಕೂಡಿಸಲು ದಾವಣಗೆರೆಯ ಸರಸ್ವತಿ ನಗರದಿಂದ ಪ್ರಶಾಂತ ಎಂಬ ಇಂಜಿನಿಯರ್ ದಿನಾ ಬೆಳಿಗ್ಗೆ ಬರುತ್ತಾರೆ.

ಮೆಷಿನ್ ಬಂದ ದಿನ ಮ್ಯಾನೇಜರ್ ಬಕ್ಕೇಶಪ್ಪನವರು ಎಲ್ಲರನ್ನೂ ಕರೆದು ಮುಚ್ಚುಮರೆಯಿಲ್ಲದೆ ಹೇಳಿದರು. "ಇದು ನಡೆದ್ರೆ ದೊಡ್ಡ ಆರ್ಡರ್ ಸಿಗ್ತೈತೆ. ನಡೀಲಿಲ್ಲ ಅಂದ್ರೆ ಯೂನಿಟ್ಟೇ ಬೇರೆ ಊರಿಗೆ ಹೋಗ್ತೈತೆ. ನಡೆದ್ರೂ ಹೆಲ್ಪರ್‌ಗಳು ಬ್ಯಾಡಾಗ್ತೀರಿ. ಈಗ್ಲೇ ಹೇಳಿಬಿಟ್ಟೀನಿ, ಆಮೇಲೆ ನನ್ನ ಬೈಬ್ಯಾಡ್ರಿ."

ಎರಡು ತಿಂಗಳು ಅದು ನಡೆಯಲೇ ಇಲ್ಲ. ಒಂದು ಎತ್ತು ಅಂದರೆ ಮೂರು ಎತ್ತುತ್ತಿತ್ತು. ಒಂದನ್ನೇ ಎತ್ತಿದರೆ ಪೀಸು ಜೋತುಬಿದ್ದು, ಇಡುವಷ್ಟರಲ್ಲಿ ಮೂಲೆ ಮಡಚಿಕೊಳ್ಳುತ್ತಿತ್ತು. ನಮ್ಮ ಫಿಟ್ಟರ್ ಮಕ್ತುಮ್ ಸಾಬ್ ಸ್ಪ್ಯಾನರ್ ಹಿಡಿದು ಅದರ ಎದುರಿಗೆ ಕೂತು, "ತಗಡಾದ್ರೆ ಹಿಡಿದಂಗೆ ನಿಲ್ತೈತೆ. ಈ ಬಟ್ಟೆಗೆ ಎಲುಬೇ ಇಲ್ಲವ್ವ, ಹೆಂಗೆ ಹಿಡೀಬೇಕು ಇದನ್ನ?" ಎನ್ನುತ್ತಿದ್ದರು. ನಮ್ಮ ಹೆಂಗಸರಿಗೆ ಒಳಗೊಳಗೇ ನಗು. ಕಾಳವ್ವ ಮಾತ್ರ ನಗಲಿಲ್ಲ. "ಎತ್ತೋದು ಕಲ್ತ ದಿನ ಮೊದ್ಲು ನಮ್ಮನ್ನೇ ಎತ್ತಿ ಹೊರಗೆ ಹಾಕ್ತೈತೆ ನೋಡು" ಎಂದಳು.

ಅಕ್ಕ, ಅದು ಎಲ್ಲಿ ತಪ್ಪುತ್ತಿದೆಯೆಂದು ನನಗೆ ಮೂರನೇ ದಿನವೇ ಗೊತ್ತಾಗಿತ್ತು. ಅದು ಪೀಸಿನ ನಡುಮಧ್ಯಕ್ಕೆ ಬಾಯಿ ಹಾಕುತ್ತಿತ್ತು. ತೆಳು ಬಟ್ಟೆಯೊಳಗಿಂದ ಗಾಳಿ ಹಾಯ್ದು ಕೆಳಗಿನ ಪೀಸನ್ನೂ ಎಳೆಯುತ್ತಿತ್ತು. ನಮ್ಮ ಬೆರಳು ಎಂದಾದರೂ ನಡುವಿಗೆ ಹೋಗಿದೆಯೇ? ನಾನು ಸೇರಿದ ವಾರ ನೀನೇ ಕಲಿಸಿದ್ದೆ: ಅಂಚು ಬಗ್ಗಿಸಿ ಪದರ ಬಿಡಿಸಿಕೋ, ಮೇಲಿನದರ ಮೂಲೆಯನ್ನು ಹೆಬ್ಬೆರಳಿನಿಂದ ತಿಕ್ಕಿ ಉಬ್ಬಿಸು, ಉಬ್ಬಿದಲ್ಲಿ ಸಣ್ಣಗೆ ಊದು. "ಬಟ್ಟೆನ ಎತ್ತಬ್ಯಾಡ, ಎಬ್ಬಿಸು" ಅನ್ನುತ್ತಿದ್ದೆ.

ಗೊತ್ತಿದ್ದೂ ಒಂದೂವರೆ ತಿಂಗಳು ಬಾಯಿ ಬಿಡಲಿಲ್ಲ. ಹೇಳಿದರೆ ನಮ್ಮ ಹನ್ನೊಂದು ಮಂದಿಯ ಕೆಲಸ ಹೋಗುತ್ತದೆ, ಹೇಳದಿದ್ದರೆ ನೂರೈವತ್ತು ಮಂದಿಯದು. ಕೊನೆಗೆ ಊಟದ ಹೊತ್ತಿನಲ್ಲಿ ಎಲ್ಲ ಹೆಲ್ಪರ್‌ಗಳನ್ನೂ ಕೂಡಿಸಿಕೊಂಡು ಕೇಳಿದೆ. ಮಾತಿಗೆ ಮಾತು ಬೆಳೆಯಿತು. ಕಾಳವ್ವ ಡಬ್ಬಿ ಮುಚ್ಚುತ್ತಾ, "ಹೇಳು. ಆದ್ರೆ ಪುಕ್ಕಟೆ ಹೇಳಬ್ಯಾಡ" ಎಂದಳು.

ಮರುದಿನ ಬಕ್ಕೇಶಪ್ಪನವರ ಮುಂದೆ ಹೋಗಿ ನಿಂತೆ. "ಸಾರ್, ಅದು ಯಾಕ ಎರಡೆರಡು ಎತ್ತುತೈತೆ ಅಂತ ನಂಗೊತ್ತೈತೆ. ಹೇಳಿಕೊಡ್ತೀನಿ. ಆದ್ರೆ ಹೆಲ್ಪರ್‌ಗಳಿಗೆಲ್ಲ ಹೊಲಿಗೆ ಕಲಿಸಿ ಟೈಲರ್ ಮಾಡ್ರಿ. ಹನ್ನೆರಡು ಮಂದಿಗೂ."

"ನಂಗೇ ಷರತ್ತು ಹಾಕ್ತೀಯೇನು?"

"ಷರತ್ತು ಅಂತಾನೇ ತಿಳ್ಕೋರಿ."

ಅವರು ಎದ್ದು ಹೋದರು. ಮೂರು ದಿನ ನನ್ನ ಕಡೆ ನೋಡಲಿಲ್ಲ. ನಾಲ್ಕನೇ ದಿನ ಪ್ರಶಾಂತ ಸಾರ್ ಅವರೇ ಆಫೀಸಿಗೆ ಹೋಗಿ, "ಈ ಅಮ್ಮನ್ನ ಕೇಳದೆ ನನ್ನಿಂದ ಆಗಲ್ಲ ಸಾರ್" ಎಂದರಂತೆ. ಆಗ ಬಕ್ಕೇಶಪ್ಪನವರು ನನ್ನನ್ನು ಕರೆಸಿ ಹಾಳೆಯ ಮೇಲೆ ಹೆಸರು ಬರೆದುಕೊಂಡರು. ಬರೆದವರು ಪೆನ್ನು ನಿಲ್ಲಿಸಿ, "ನೀವಿರೋದು ಹನ್ನೊಂದು. ಇನ್ನೊಬ್ರು ಯಾರು?" ಎಂದರು.

"ಕೆಂಚಕ್ಕ."

"ಕೆಲಸ ಕೆಡಿಸಿದ್ಲು ಅಂತ ತೆಗೆದ್ವಲ್ಲ ಆಕಿನ್ನ."

"ಬರೀರಿ ಸಾರ್. ಅವಳು ಕಲಿಸಿದ್ದನ್ನೇ ನಾನು ನಿಮ್ಮ ಮೆಷಿನ್ನಿಗೆ ಕಲಿಸ್ತಿರೋದು."

ಬರೆದು ಸಹಿ ಹಾಕಿದರು.

ಆಮೇಲೆ ಹದಿನೈದು ದಿನ ಹಿಡಿಯಿತು. ಮಕ್ತುಮ್ ಸಾಬ್ ಹಳೆಯ ಸೈಕಲ್ ಟ್ಯೂಬು ಕತ್ತರಿಸಿ ಸಣ್ಣ ಉರುಳೆಗೆ ಸುತ್ತಿದರು. ಅದು ಮೂಲೆಯನ್ನು ತಿಕ್ಕಿ ಉಬ್ಬಿಸುತ್ತದೆ, ಒಂದು ನಳಿಕೆ ಪಕ್ಕದಿಂದ ಊದುತ್ತದೆ, ಚಿಮಟದಂಥದ್ದೊಂದು ಮೂಲೆಯನ್ನು ಕಚ್ಚಿಕೊಳ್ಳುತ್ತದೆ. ಪೀಸು ಜೋಲದಂತೆ ಕೆಳಗೊಂದು ತೆಳ್ಳನೆಯ ತಗಡು ಸರಿದು ಬಂದು ಹೊತ್ತೊಯ್ಯುತ್ತದೆ. ಮೊದಲ ದಿನ ನೂರಕ್ಕೆ ಎಪ್ಪತ್ತು ಸರಿ ಬಂತು. ಈಗ ನೂರಕ್ಕೆ ಒಂದೋ ಎರಡೋ ತಪ್ಪುತ್ತದೆ, ಅಷ್ಟೆ. ಗುರುವಾರದಿಂದ ಹೊಲಿಗೆ ಪಾಠ ಶುರುವಾಗಿದೆ. ಕಾಳವ್ವನ ಹೊಲಿಗೆ ಇನ್ನೂ ಸೊಟ್ಟ, ಆದರೂ ಬಿಡುತ್ತಿಲ್ಲ.

ಡಿಸೆಂಬರ್ ಒಂದಕ್ಕೆ ನೀನು ಬಂದು ಸೇರಬೇಕು. ಬಕ್ಕೇಶಪ್ಪನವರು ಕೊಟ್ಟ ನಿನ್ನ ಕೆಲಸದ ಕಾಗದವನ್ನು ಇದರ ಜೊತೆಗೇ ಇಟ್ಟಿದ್ದೇನೆ, ಜೋಪಾನ. ಅಂಗಡಿಯನ್ನು ನಿನ್ನ ಅಕ್ಕ ನೋಡಿಕೊಳ್ಳಲಿ. ಕರಿಬಸವೇಶ್ವರ ನಿನ್ನನ್ನು ತಣ್ಣಗಿಟ್ಟಿರಲಿ, ನಿನ್ನ ಅಕ್ಕನ ಮಕ್ಕಳಿಗೆ ಒಳ್ಳೆಯದಾಗಲಿ.

ನಿನ್ನ ಕಾಲಿಗೆ ಬಿದ್ದು ಕೇಳಿಕೊಳ್ಳುವ,
ಭಾಗ್ಯ

ವಿ.ಸೂ.: ಇದನ್ನು ಮೇಲೆಯೇ ಬರೆಯಬೇಕಿತ್ತು, ಧೈರ್ಯ ಬರಲಿಲ್ಲ. ಹೋದ ವರ್ಷ ಶ್ರಾವಣದಲ್ಲಿ ಜೇಬಿಗೆ ಎರಡೆರಡು ಪೀಸು ಸೇರಿ ವಾಪಸ್ ಬಂದ ಅಂಗಿಗಳು, ಅದಕ್ಕೇ ನಿನ್ನನ್ನು ತೆಗೆದರಲ್ಲ, ಆ ಅಂಗಿಗಳು, ನನ್ನ ಬಂಡಲಿನವು. ಸಕ್ಕರೆ ಕಾಯಿಲೆಯಿಂದ ನನ್ನ ಬಲಗೈ ಬೆರಳ ತುದಿ ಜೋಮು ಹಿಡಿದು ಆಗಲೇ ಆರು ತಿಂಗಳಾಗಿತ್ತು. ಒಂದೋ ಎರಡೋ ನನಗೆ ತಿಳಿಯುತ್ತಿರಲಿಲ್ಲ. ಯಾರಿಗೂ ಹೇಳಿರಲಿಲ್ಲ. ನಮ್ಮಿಬ್ಬರ ಬಂಡಲಿಗೂ ಒಂದೇ ಟೇಬಲ್ ನಂಬರು. "ಯಾರದಿದು?" ಎಂದು ಬಕ್ಕೇಶಪ್ಪನವರು ಕೇಳಿದಾಗ ನೀನು ನನ್ನ ಮುಖ ನೋಡಿದೆ. ನಾನು ನೆಲ ನೋಡಿದೆ. ಮನೆಯಲ್ಲಿ ದುಡಿಯುವವಳು ನಾನೊಬ್ಬಳೇ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡೆ. ನಿನ್ನ ಮನೆಯಲ್ಲೂ ದುಡಿಯುವವಳು ನೀನೊಬ್ಬಳೇ ಆಗಿದ್ದೆ.

ಮೊನ್ನೆ ಶುಕ್ರವಾರ ಎಲ್ಲರ ಎದುರಿಗೆ ಬಕ್ಕೇಶಪ್ಪನವರಿಗೆ ಹೇಳಿದೆ. ಅವರು ಪಟ್ಟಿಯಲ್ಲಿದ್ದ ನನ್ನ ಹೆಸರನ್ನು ಹೊಡೆದುಹಾಕಿದರು. ಈ ತಿಂಗಳಿಗೆ ನನ್ನ ಕೆಲಸ ಮುಗಿಯಿತು. ಅವರ ಮೇಲೆ ನನಗೆ ಸಿಟ್ಟಿಲ್ಲ. ನೀನು ಬರುವ ದಿನ ಬೆಳಿಗ್ಗೆ ನಾನು ಗೇಟಿನ ಹತ್ತಿರ ನಿಂತಿರುತ್ತೇನೆ. ಮಾತಾಡಿಸಬೇಕೆಂದಿಲ್ಲ. ನೀನು ಒಳಗೆ ಹೋಗುವುದನ್ನು ನೋಡಿದರೆ ಸಾಕು.