ಗೆದ್ದ ಮಸ್ಕಿ ತಂಡವನ್ನು ಆಡಿಸದೆಯೇ ಸೋಲಿಸಿದ ಲೀಗ್ ಕಾರ್ಯದರ್ಶಿಗಳಿಗೆ

ಮಸ್ಕಿ, ಡಿಸೆಂಬರ್ 1956

ಮಾನ್ಯರೇ,

ನಮ್ಮ ಮಸ್ಕಿ ಫುಟ್‌ಬಾಲ್ ತಂಡ ಈ ವರ್ಷ ಎರಡನೆಯ ದರ್ಜೆಯಲ್ಲಿ ಎಲ್ಲರನ್ನೂ ಸೋಲಿಸಿ ಮೊದಲನೆಯ ದರ್ಜೆಗೆ ಏರಿತ್ತು. ತಾವು ಒಂದು ಗೋಲನ್ನೂ ಹೊಡೆಯದೆ ನಮ್ಮನ್ನು ಮೂರನೆಯ ದರ್ಜೆಗೆ ಇಳಿಸಿದ್ದೀರಿ. ಸಿಂಧನೂರಿನ ಹನ್ನೊಂದು ಜನ ಕೂಡಿ ಮಾಡಲಾಗದ್ದನ್ನು ತಾವೊಬ್ಬರೇ ಕುರ್ಚಿಯಲ್ಲಿ ಕೂತು ಮಾಡಿದ್ದೀರಿ. ಭಲೇ!

ತಾವು ಕೊಟ್ಟ ಕಾರಣವನ್ನು ಊರವರಿಗೆಲ್ಲ ಓದಿ ಹೇಳಿದೆ. "ಸದರಿ ವಿಜಯವು ಹಿಂದಿನ ಹೈದರಾಬಾದ್ ರಾಜ್ಯದಲ್ಲಿ ಸಂಭವಿಸಿದ್ದರಿಂದ ಹೊಸ ಮೈಸೂರು ರಾಜ್ಯದಲ್ಲಿ ಪರಿಗಣಿಸಲಾಗದು. ಹೊಸ ತಂಡಗಳು ಕೆಳಗಿನಿಂದಲೇ ಆರಂಭಿಸತಕ್ಕದ್ದು." ಹೈದರಾಬಾದಿನ ಲೀಗ್ ಕಚೇರಿಗೆ ಬರೆದರೆ, ನೀವೀಗ ನಮ್ಮವರಲ್ಲ ಅಂದರು. ನವೆಂಬರ್ ಒಂದರಂದು ಕನ್ನಡಿಗರೆಲ್ಲ ಒಂದಾದೆವೆಂದು ಮಸ್ಕಿಯಲ್ಲಿ ಪೇಡೆ ಹಂಚಿದವನು ನಾನೇ. ನಮ್ಮ ಗೆಲುವಿಗೇ ಎಳ್ಳುನೀರು ಬಿಡುತ್ತಿದ್ದೇನೆಂದು ಆಗಲೇ ಯಾರಾದರೂ ಹೇಳಬಾರದಿತ್ತೇ?

ಹಿಂದಿನ ರಾಜ್ಯದಲ್ಲಾದ ಮದುವೆಗಳೂ ರದ್ದಾದವೇ, ಸ್ವಾಮಿ? ಹಾಗಿದ್ದರೆ ಬೇಗ ತಿಳಿಸಿ, ನಮ್ಮ ಓಣಿಯಲ್ಲಿ ಆಸೆಯಿಂದ ಕಾಯುವವರಿದ್ದಾರೆ. ಎಮ್ಮೆ ಕದ್ದು ಹಿಂದಿನ ರಾಜ್ಯದಲ್ಲಿ ಶಿಕ್ಷೆಗೊಳಗಾದ ನಮ್ಮೂರಿನವನೊಬ್ಬ ಇನ್ನೂ ಜೈಲಿನಲ್ಲೇ ಇದ್ದಾನೆ. ಅವನ ಶಿಕ್ಷೆ ಹೊಸ ರಾಜ್ಯಕ್ಕೆ ಸಲೀಸಾಗಿ ಬಂತು, ನಮ್ಮ ಗೆಲುವಿಗೆ ಮಾತ್ರ ದಾರಿ ಸಿಗಲಿಲ್ಲವೇ?

ಲಿಂಗಸುಗೂರಿನಲ್ಲಿ ಸಿಂಧನೂರಿನವರ ಮೇಲೆ ಆಡಿದ ಕೊನೆಯ ಪಂದ್ಯವನ್ನು ತಾವು ನೋಡಬೇಕಿತ್ತು. ನಮ್ಮ ಗೋಲ್‌ಕೀಪರ್ ಮಕ್ತುಮ್‌ಸಾಬ್ ಟಾಂಗಾ ಹೊಡೆಯುವವನು, ನಲವತ್ತು ದಾಟಿದವನು. ನಾವು ಒಂದು ಗೋಲು ಮುಂದಿದ್ದಾಗ ಎದುರಾಳಿಗೆ ಪೆನಾಲ್ಟಿ ಸಿಕ್ಕಿತು. ಹಾರಿ ಬಿದ್ದು ಚೆಂಡನ್ನು ಎದೆಗವಚಿಕೊಂಡ. ಮೊಣಕಾಲು ಕಲ್ಲುನೆಲಕ್ಕೆ ಬಡಿಯಿತು. ಅಂದಿನಿಂದ ಕುಂಟುತ್ತಿದ್ದಾನೆ. ಹೆಂಡತಿ ಹುಸೇನ್‌ಬೀ ಹರಳೆಣ್ಣೆ ಕಾಸಿ ತಿಕ್ಕುತ್ತ ಬೈಯುವಾಗ ನಾನು ಅಲ್ಲೇ ಇದ್ದೆ.

"ಸಾಕು ಬಿಡ್ರೀ ಈ ಆಟ. ಕಾಲು ಹೋದ್ರ ಟಾಂಗಾ ಯಾರು ಹೊಡೀತಾರ?"

"ಮ್ಯಾಲಿನ ದರ್ಜೆದಾಗ ಒಂದ ಮ್ಯಾಚ್ ನಿಲ್ತೀನಿ. ಆಮ್ಯಾಲ ನೀ ಹೇಳಿದಂಗ," ಅಂದ ಆತ.

ತಮ್ಮ ಪತ್ರ ಓದಿದ ದಿನ ಅವನು ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಚೆನ್ನಾಗಿತ್ತು. "ಸಾವ್ಕಾರ್ರ, ಆ ಚೆಂಡು ನಾ ಹಿಡಿದಿದ್ದು ಸುಳ್ಳೇನ್ರೀ?" ಎಂದು ಕೇಳಿದ. ಕೆಳಗಿನಿಂದ ಮತ್ತೆ ಹತ್ತಿ ಬರಲು ಎರಡು ವರ್ಷವಾದರೂ ಬೇಕು. ಅಷ್ಟರಲ್ಲಿ ಅವನ ಆಟ ಮುಗಿದಿರುತ್ತದೆ.

ಆದ್ದರಿಂದ ನಮ್ಮ ಬೇಡಿಕೆ ಇಷ್ಟೇ. ತಮ್ಮ ಮೊದಲನೆಯ ದರ್ಜೆಯ ಯಾವ ತಂಡವನ್ನಾದರೂ ಮಸ್ಕಿಗೆ ಕಳಿಸಿ. ಬಂದವರಿಗೆ ಜೋಳದ ರೊಟ್ಟಿ, ಎಣ್ಣೆಗಾಯಿ ನಾವೇ ಬಡಿಸುತ್ತೇವೆ. ಗೆದ್ದರೆ ನಮ್ಮ ಜಾಗ ನಮಗೆ ಕೊಡಿ. ಸೋತರೆ ತಾವು ತೋರಿಸಿದ ಮೂರನೆಯ ದರ್ಜೆಗೆ ಬಾಯಿ ಮುಚ್ಚಿಕೊಂಡು ಹೋಗುತ್ತೇವೆ. ನಮ್ಮನ್ನು ಕೆಳಗಿಳಿಸುವವರು ಮಕ್ತುಮ್‌ಸಾಬನನ್ನು ದಾಟಿಸಿ ಚೆಂಡು ಹೊಡೆದು ಇಳಿಸಲಿ.

ತಡ ಮಾತ್ರ ಮಾಡಬೇಡಿ. ಇವತ್ತಿಗೆ ಅವನು ಇನ್ನೂ ಗೋಡೆ ಹಿಡಿಯದೆ ಎದ್ದು ನಿಲ್ಲುತ್ತಾನೆ.

ಇಂತಿ,
ಎರಡು ರಾಜ್ಯಗಳಿಗೂ ಬೇಡವಾದ ವಿಜೇತರ ಪರವಾಗಿ,
ಅಮರಗುಂಡಪ್ಪ, ಬಟ್ಟೆ ಅಂಗಡಿ, ಮಸ್ಕಿ